ನಿಂತಾಗಿನ ರಕ್ತದೊತ್ತಡ

ಚಮಚವನ್ನು ತುಟಿಗೆ ತಾಗಿಸಿ ಹಿಡಿದು ಇಸ್ಮೇಲಿಯ ಕೈ ಸೋತಿತ್ತು. ಓಟ್ಸ್ ಗಂಜಿ ಆರಿ ಗೋಂದಾಗಿತ್ತು. ಟೆಬೆಟ್ಸ್ ಮುದುಕನ ಬಾಯಿ ಮುಚ್ಚೇ ಇತ್ತು. ಹಟವಲ್ಲ. ದವಡೆ ಬಿಗಿದುಕೊಂಡಿತ್ತು. ಕಣ್ಣು ಮಾತ್ರ ಅವಳನ್ನೇ ನೋಡುತ್ತಿತ್ತು. ಜೊಲ್ಲು ಇಳಿದು ಕೊರಳಿಗೆ ಕಟ್ಟಿದ ಬಟ್ಟೆ ಒದ್ದೆಯಾಗಿತ್ತು. ಬೆಳಗಿನಿಂದ ಅದು ಮೂರನೆಯ ಬಟ್ಟೆ.

"ಒಂದೇ ಒಂದು ಚಮಚ, ಮಿಸ್ಟರ್ ಟೆಬೆಟ್ಸ್. ನನ್ನ ಮುಖ ನೋಡಿಯಾದ್ರೂ ನುಂಗಿ."

ಹೆಬ್ಬೆರಳಿನಿಂದ ಅವನ ದವಡೆಯ ಮೂಲೆಯನ್ನು ತಿಕ್ಕಿದಳು. ಬಾಯಿ ಬೆರಳಷ್ಟು ತೆರೆಯಿತು. ಗಂಜಿ ಒಳಗೆ ಹೋಯಿತು. ನುಂಗಿದನೋ ಇಲ್ಲವೋ ಎಂದು ಗಂಟಲ ಮೇಲೆ ಬೆರಳಿಟ್ಟು ಕಾದಳು. ಗಂಟಲು ಆಡಲಿಲ್ಲ. ಗಂಜಿಯನ್ನು ಬೆರಳು ಹಾಕಿ ಹೊರಗೆ ತೆಗೆದಳು. ಅದು ಉಸಿರಿನ ದಾರಿಗೆ ಇಳಿದರೆ ಎರಡೇ ದಿನದಲ್ಲಿ ನ್ಯುಮೋನಿಯ. ಹೊರಗೆ ಮೂರು ಕರೆಗಂಟೆಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ವೃದ್ಧಾಶ್ರಮದ ಆ ಮಹಡಿಯಲ್ಲಿ ಅವಳ ಪಾಲಿಗೆ ಹನ್ನೊಂದು ಜನ. ಇನ್ನೂ ಐವರನ್ನು ಎಬ್ಬಿಸಿರಲಿಲ್ಲ.

ಗೋಡೆಯ ಗಡಿಯಾರ ಎಂಟು ನಲವತ್ತು ತೋರಿಸುತ್ತಿತ್ತು.

ಟೆಬೆಟ್ಸ್‌ಗೆ ಪಾರ್ಕಿನ್ಸನ್ ರೋಗ. ಏಳು ಗಂಟೆಯ ಮಾತ್ರೆಯನ್ನು ಏಳಕ್ಕೆ ಕೊಟ್ಟರೆ ಏಳೂವರೆಗೆ ಅವನೇ ಚಮಚ ಹಿಡಿಯುತ್ತಾನೆ. ಒಂಬತ್ತಕ್ಕೆ ಕೊಟ್ಟರೆ ಅಲ್ಲಿಯವರೆಗೆ ಮರದ ಕೊರಡು. ಇದನ್ನು ತಿಳಿಯಲು ಡಾಕ್ಟರಾಗಬೇಕಿಲ್ಲ. ಅವನ ಪಕ್ಕದಲ್ಲಿ ಕೂತು ಒಂದು ಹೊತ್ತಿನ ಗಂಜಿ ಉಣ್ಣಿಸಿದರೆ ಸಾಕು. ಆದರೆ ಮಾತ್ರೆಯ ಗಾಡಿ ಒಂದನೇ ಕೋಣೆಯಿಂದ ಹೊರಡುತ್ತದೆ. ಟೆಬೆಟ್ಸ್ ಇರುವುದು ಮೂವತ್ತನಾಲ್ಕನೇ ಕೋಣೆಯಲ್ಲಿ. ರೋಗಕ್ಕೆ ಕೋಣೆಯ ನಂಬರು ಗೊತ್ತಿಲ್ಲ.

ಇಸ್ಮೇಲಿ ಓಡಿದಳು. ಗಾಡಿ ಹದಿನೇಳನೇ ಕೋಣೆಯ ಮುಂದಿತ್ತು. ನರ್ಸ್ ಡೀರ್‌ಡ್ರಿ ಬೆನ್ನು ಬಗ್ಗಿಸಿ ಮಾತ್ರೆ ಒಡೆಯುತ್ತಿದ್ದಳು.

"ಡೀರ್‌ಡ್ರಿ, ಮೂವತ್ನಾಲ್ಕಕ್ಕೆ ಮೊದ್ಲು ಕೊಟ್ಬಿಡಿ. ಕಲ್ಲಾಗಿ ಕೂತಿದಾನೆ ಪಾಪ."

"ನಾನೇನು ಇಲ್ಲಿ ಐಸ್‌ಕ್ರೀಮ್ ಹಂಚ್ತಿದೀನಾ, ಕರೆದ ಕಡೆ ಓಡೋಕೆ? ಮೂವತ್ತೆಂಟು ಜನ. ಎರಡು ಕೈ."

"ಏಳಕ್ಕೇ ಕೊಟ್ಟಾಯ್ತು ಅಂತ ನಿಮ್ಮ ಸಹಿ ಇದೆ."

ಡೀರ್‌ಡ್ರಿ ತಲೆ ಎತ್ತಿದಳು. ಗಾಡಿ ಹೊರಡಿಸುವ ಮೊದಲೇ ಮಾತ್ರೆ ಪುಸ್ತಕದಲ್ಲಿ ಎಲ್ಲರ ಏಳು ಗಂಟೆಯ ಮನೆಗಳಿಗೂ ಸಹಿ ಹಾಕಿಬಿಡುವುದು ಅವಳ ರೂಢಿ. ಅವಳೊಬ್ಬಳದ್ದೇ ಅಲ್ಲ, ಅಲ್ಲಿನ ಎಲ್ಲ ನರ್ಸುಗಳದ್ದೂ.

"ನೀನು ನನ್ನ ಪುಸ್ತಕ ನೋಡ್ಬೇಡ ಇಸ್ಮೇಲಿ. ನೀನು ಸಹಾಯಕಿ. ತೊಳಿ, ಒರೆಸು, ಉಣ್ಣಿಸು. ಮಾತ್ರೆ ನನ್ನ ಪಾಲಿನ ಕೆಲಸ."

ಎದುರು ಕೋಣೆಯಿಂದ ಗೆರ್ದಾ ಹೊಲಸು ಹಾಸಿಗೆಬಟ್ಟೆಯ ಗಂಟನ್ನು ಎಳೆದುಕೊಂಡು ಹೊರಗೆ ಬಂದಳು. ಗೆರ್ದಾಳೂ ಹೈಟಿಯವಳೇ. ಇಬ್ಬರದೂ ಜಾಕ್ಮೆಲ್ ಕಡೆಯ ಊರು. ದೇಶ ಬಿಟ್ಟು ಬಂದು ಸೇರಿದ ಈ ಬ್ರಾಕ್ಟನ್ ಪಟ್ಟಣದಲ್ಲಿ ಇಬ್ಬರೂ ಒಂದೇ ಬಸ್ಸಿಗೆ ಕಾಯುವವರು.

"ಬಿಡೇ ಅಕ್ಕಾ. ದುಡಿಯೋದು ಕತ್ತೆ, ಜರಿ ಜೀನು ಕುದುರೆಗೆ. ನಮ್ಮಜ್ಜಿ ಹೇಳಿದ್ದು ಮರೆತ್ಯಾ?"

"ಕತ್ತೆಗೂ ಕಣ್ಣಿರುತ್ತೆ ಗೆರ್ದಾ."

"ಕಣ್ಣಿದ್ರೆ ಏನು, ಬಾಯಿ ಇರಬಾರದು. ನಡಿ, ಒಂಬತ್ತನೇ ಕೋಣೆ ಅಜ್ಜಿ ಕಮೋಡ್ ಮೇಲೇ ನಿದ್ದೆ ಹೋಗಿದಾಳೆ. ಎತ್ತೋಕೆ ಒಂದು ಕೈ ಕೊಡು."

ಟೆಬೆಟ್ಸ್ ನಲವತ್ತು ವರ್ಷ ಚಪ್ಪಲಿ ಕಾರ್ಖಾನೆಯಲ್ಲಿ ತೊಗಲು ಕತ್ತರಿಸಿದವನು. ಮಾತ್ರೆ ಸರಿಯಾಗಿ ಬೀಳುತ್ತಿದ್ದ ದಿನಗಳಲ್ಲಿ ಊರುಗೋಲಿನ ಚೌಕಟ್ಟು ಹಿಡಿದು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ನಡೆಯುವಾಗ ಎಲ್ಲರ ಕಾಲನ್ನೇ ನೋಡುತ್ತಿದ್ದ. "ಮಿಸ್ ಇಸ್ಮಿ, ಇದೇನು ಮೆಟ್ಟಿದೀಯ? ತೊಗಲಲ್ಲ ಇದು, ಕಾಗದ. ನಿನಗೆ ಟೋಪಿ ಹಾಕಿದಾರೆ" ಎಂದು ನಗುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ. "ನೀವು ಹೊಲಿದು ಕೊಡಿ, ನಾನು ಹಾಕ್ಕೊಂಡು ನಿಮ್ಮನ್ನ ಡ್ಯಾನ್ಸಿಗೆ ಕರ್ಕೊಂಡು ಹೋಗ್ತೀನಿ."

ಅದು ನವೆಂಬರ್ ನಾಲ್ಕರವರೆಗೆ. ಅಂದು ಸಂಜೆಯ ಮಾತ್ರೆ ಎರಡು ತಾಸು ತಡವಾಗಿ ಬಿತ್ತು. ತಡವಾಗಿ ಬಿದ್ದದ್ದು ಒಮ್ಮೆಗೇ ಏರಿತು. ಕೈಕಾಲು ಅವನ ಮಾತು ಕೇಳದೆ ಕುಣಿಯತೊಡಗಿದವು. ಹಾಸಿಗೆ ಸರಿಪಡಿಸಲು ಬಗ್ಗಿದ ಸಹಾಯಕಿಯೊಬ್ಬಳ ಕನ್ನಡಕಕ್ಕೆ ಮೊಣಕೈ ತಗುಲಿತು. 'ಹೊಡೆಯುತ್ತಾನೆ' ಎಂದು ಬರೆದರು. ಡಾಕ್ಟರು ಫೋನಿನಲ್ಲೇ ಒಂದು ಶಾಂತಿ ಮಾತ್ರೆ ಬರೆಸಿದರು. ಆ ಮಾತ್ರೆ ಪಾರ್ಕಿನ್ಸನ್ ಮಾತ್ರೆಗೆ ಹಗೆ. ಒಂದು ಬಿಡಿಸಿದ ಗಂಟನ್ನು ಇನ್ನೊಂದು ಬಿಗಿಯುತ್ತದೆ. ಐದು ದಿನದಲ್ಲಿ ಟೆಬೆಟ್ಸ್ ನಡಿಗೆ ನಿಂತಿತು. ಹತ್ತು ದಿನದಲ್ಲಿ ಮಾತು. ಎಲ್ಲರೂ, ಎಷ್ಟು ಸಾಧುವಾಗಿಬಿಟ್ಟ ನೋಡಿ ಎಂದರು.

ಇಂಥ ಮಾತ್ರೆ ಕೊಟ್ಟವರಿಗೆ ಒಂದು ನಿಗಾ ಹಾಳೆ ಇರುತ್ತದೆ. ಹನ್ನೊಂದು ಲಕ್ಷಣಗಳನ್ನು ಅಚ್ಚು ಹಾಕಿರುತ್ತಾರೆ. ಬಿಗಿತ, ಜೊಲ್ಲು, ನುಂಗಲಾಗದಿರುವುದು, ಮಂಪರು, ಬೀಳುವುದು, ಹೀಗೆ. ದಿನಕ್ಕೆ ಮೂರು ಪಾಳಿ, ಪ್ರತಿ ಪಾಳಿಗೆ ಒಂದು ಮನೆ. ಕಂಡರೆ ಗುರುತು, ಕಾಣದಿದ್ದರೆ ಸೊನ್ನೆ. ಕೆಳಗೆ ರಕ್ತದೊತ್ತಡ ಎರಡು ಸಲ: ಮಲಗಿದಾಗ ಒಂದು, ನಿಂತಾಗ ಒಂದು. ಎದ್ದು ನಿಂತ ಕೂಡಲೇ ಒತ್ತಡ ಕುಸಿದರೆ ಮಾತ್ರೆ ಆಳನ್ನು ಕೊಲ್ಲುತ್ತಿದೆ ಎಂದು ಅರ್ಥ. ಇಸ್ಮೇಲಿ ಆ ಹಾಳೆಯನ್ನು ನಿಧಾನವಾಗಿ, ಬೆರಳಿಟ್ಟು ಓದಿದ್ದಳು. ಟೆಬೆಟ್ಸ್‌ಗೆ ಹನ್ನೊಂದರಲ್ಲಿ ಒಂಬತ್ತು ಇದ್ದವು. ಹೇಳಿದ್ದಳು. ಡೀರ್‌ಡ್ರಿಗೆ ಹೇಳಿದಳು. ಮಹಡಿಯ ಮೇಲ್ವಿಚಾರಕಿ ಮಿಸೆಸ್ ಕ್ರಾಫ್ಟ್ಸ್‌ಗೆ ಎರಡು ಸಲ ಹೇಳಿದಳು. "ಲಕ್ಷಣ ಗುರುತಿಸೋದು ನರ್ಸುಗಳ ಕೆಲಸ. ನಿನಗೆ ಆ ಓದಿಲ್ಲ" ಎಂದಿದ್ದಳು ಮಿಸೆಸ್ ಕ್ರಾಫ್ಟ್ಸ್.

ಹಾಳೆಯ ಮೇಲೆ ಗುರುತು ಹಾಕಲು ಇಸ್ಮೇಲಿಗೆ ಅಧಿಕಾರವಿರಲಿಲ್ಲ. ಅದು ತಿಂಗಳಿನ ಇಪ್ಪತ್ತೊಂಬತ್ತು ದಿನಗಳ ಮಾತು.

ಕೊನೆಯ ದಿನ ಬೇರೆ. ಅಂದು ಮಧ್ಯಾಹ್ನ ಮಿಸೆಸ್ ಕ್ರಾಫ್ಟ್ಸ್ ಎರಡು ಪೆಟ್ಟಿಗೆ ಪಿಜ್ಜಾ ತರಿಸುತ್ತಾಳೆ. ಖಾಲಿ ಉಳಿದ ಹಾಳೆಗಳನ್ನೆಲ್ಲ ಸಿಬ್ಬಂದಿ ಕೋಣೆಯ ಮೇಜಿಗೆ ಸುರಿಯುತ್ತಾರೆ. ಕಪ್ಪು ಪೆನ್ನು, ನೀಲಿ ಪೆನ್ನು ಹಂಚುತ್ತಾರೆ. ಎಲ್ಲ ಒಂದೇ ದಿನ ಬರೆದ ಹಾಗೆ ಕಾಣಬಾರದಲ್ಲ. ಒಂದು ಕೈಯಲ್ಲಿ ಪಿಜ್ಜಾ, ಒಂದು ಕೈಯಲ್ಲಿ ಸೊನ್ನೆ. ಗೆರ್ದಾ ಅದಕ್ಕೆ ಸೊನ್ನೆ ಹಬ್ಬ ಎಂದು ಹೆಸರಿಟ್ಟಿದ್ದಳು. ನಿಜ ಬರೆಯಲು ಓದಿಲ್ಲದ ಕೈಗಳು ಸೊನ್ನೆ ಬರೆಯಲು ಅಂದು ಬೇಕಾಗುತ್ತಿದ್ದವು.

ಇಸ್ಮೇಲಿಯೂ ಬರೆದವಳೇ. ಕಳೆದ ಜನವರಿಯಲ್ಲಿ ಲಾರಿಂಡಾ ಫೋಂಟೆಸ್ ಎಂಬ ಮುದುಕಿಯ ಹಾಳೆಗೆ ತನ್ನ ಪಾಳಿಯ ಮೂವತ್ತೊಂದು ಸೊನ್ನೆ ಸುತ್ತಿದ್ದಳು. ಆ ಮುದುಕಿಗೆ ಮೂರ್ಛೆ ರೋಗದ ಮಾತ್ರೆ, ಅದಕ್ಕೂ ಇಂಥದೇ ನಿಗಾ ಹಾಳೆ. ಮಾತ್ರೆ ರಕ್ತದಲ್ಲಿ ಏರಿ ಕಣ್ಣುಗುಡ್ಡೆ ಅತ್ತಿತ್ತ ಅದುರುತ್ತಿತ್ತು. ಕುಡಿದವಳ ಹಾಗೆ ನಡೆಯುತ್ತಿದ್ದಳು, ತಟ್ಟೆಯ ಮೇಲೇ ನಿದ್ದೆ ಹೋಗುತ್ತಿದ್ದಳು. ರಕ್ತ ತೆಗೆದು ನೋಡಿ ಎಂದು ಇಸ್ಮೇಲಿ ನಾಲ್ಕು ಸಲ ಹೇಳಿದಳು. ವಯಸ್ಸು ಎಂದರು. ಫೆಬ್ರವರಿಯಲ್ಲಿ ಮುದುಕಿ ಬಚ್ಚಲಲ್ಲಿ ಬಿದ್ದಳು. ಸೊಂಟ ಮುರಿಯಿತು. ಒಂಬತ್ತನೇ ದಿನಕ್ಕೆ ಸತ್ತಳು. ಹೆಣ ತೊಳೆದವಳೂ ಇಸ್ಮೇಲಿಯೇ.

ಆ ವಾರ ಅವಳು ರಾಜ್ಯದ ಆರೋಗ್ಯ ಇಲಾಖೆಯ ದೂರು ವಿಭಾಗಕ್ಕೆ ಎರಡು ಪುಟದ ಕಾಗದ ಬರೆದಳು. ವಿಳಾಸ ಬರೆದಳು. ಅಂಚೆಚೀಟಿ ಅಂಟಿಸಿದಳು. ತನ್ನ ಹೆಸರು ಹಾಕಲಿಲ್ಲ. ಹಾಕದಿದ್ದರೂ ಕಳಿಸಲಿಲ್ಲ. ಈ ದೇಶದಲ್ಲಿ ಇರಲು ಕೊಟ್ಟ ಅನುಮತಿಯ ಕಾರ್ಡು ಆಗ ನವೀಕರಣಕ್ಕೆ ಹೋಗಿತ್ತು. ಕಾರ್ಡು ಬರಲಿ ಎಂದಳು ಗೆರ್ದಾ. ಮೇ ತಿಂಗಳಲ್ಲಿ ಕಾರ್ಡು ಬಂತು. ಆಮೇಲೆ ನೆಪ ಉಳಿಯಲಿಲ್ಲ. ಉಳಿದದ್ದು ಆ ಮೂವತ್ತೊಂದು ಸೊನ್ನೆಗಳು. ಹಾಳೆ ತೆಗೆದು ನೋಡಿದರೆ ಮೊದಲು ಸಿಗುವುದು ಅವಳ ಅಕ್ಷರವೇ. ಸಹಾಯಕಿಯ ಸರ್ಟಿಫಿಕೇಟು ಹೋಗುತ್ತದೆ. ಅದು ಹೋದರೆ ಈ ರಾಜ್ಯದಲ್ಲಿ ಯಾರ ಮನೆಯ ಮುದುಕರನ್ನೂ ಅವಳು ಮುಟ್ಟುವ ಹಾಗಿಲ್ಲ. ಬೇರೆ ಕೆಲಸ ಅವಳಿಗೆ ಗೊತ್ತಿಲ್ಲ. ಒಂಬತ್ತು ತಿಂಗಳು ಕಾಗದ ಅವಳ ಊಟದ ಚೀಲದ ಒಳಜೇಬಿನಲ್ಲೇ ಇತ್ತು. ಲಕೋಟೆಗೆ ಕೋಸಿನ ಉಪ್ಪಿನಕಾಯಿಯ ವಾಸನೆ ಹತ್ತಿತ್ತು.

ಇಂದು ನವೆಂಬರ್ ಮೂವತ್ತು.

ಹನ್ನೆರಡಕ್ಕೆ ಸಿಬ್ಬಂದಿ ಕೋಣೆ ಪಿಜ್ಜಾದ ಬಿಸಿಯಿಂದ ತುಂಬಿತ್ತು. ಐದು ಜನ ಮೇಜಿನ ಸುತ್ತ ಕೂತಿದ್ದರು. ಪೆನ್ನುಗಳು ಓಡುತ್ತಿದ್ದವು.

"ಇಸ್ಮೇಲಿ, ನಿನಗೆ ಮೂವತ್ನಾಲ್ಕು." ಮಿಸೆಸ್ ಕ್ರಾಫ್ಟ್ಸ್ ಹಾಳೆಯನ್ನು ಅವಳ ಮುಂದೆ ತಳ್ಳಿದಳು. "ಮುಂದಿನ ವಾರ ಇನ್‌ಸ್ಪೆಕ್ಟರು ಬರಬಹುದು. ಅಚ್ಚುಕಟ್ಟಾಗಿರಲಿ."

ಇಸ್ಮೇಲಿ ಹಾಳೆ ನೋಡಿದಳು. ಮೇಲಿನ ಸೊನ್ನೆಗಳನ್ನು ಯಾರೋ ಆಗಲೇ ಮುಗಿಸಿದ್ದರು. ಕೆಳಗಿನ ಸಾಲು ಬಾಕಿ ಇತ್ತು. ಮಲಗಿದಾಗ. ನಿಂತಾಗ. ನಾಲ್ಕರಿಂದ ಮೂವತ್ತರವರೆಗೆ, ಒಂದೊಂದು ದಿನವೂ.

"ಏನು ಬರೀಲಿ?"

"ಏನಾದ್ರೂ ಚೆನ್ನಾಗಿರೋದು. ಮಲಗಿದಾಗ ನೂರಿಪ್ಪತ್ತೆಂಟು. ನಿಂತಾಗ ಒಂದು ಐದಾರು ಕಮ್ಮಿ ಮಾಡು. ದಿನಾ ಒಂದೇ ಬರೀಬೇಡ, ಅಲ್ಲಲ್ಲಿ ಬದಲಾಯ್ಸು."

"ಅವನು ನಿಂತು ಮೂರು ವಾರ ಆಯ್ತು."

ಪೆನ್ನುಗಳು ನಿಂತವು. ಗೆರ್ದಾ ಮೇಜಿನ ಕೆಳಗೆ ಅವಳ ಕಾಲು ತುಳಿದಳು.

"ನಾನು ಕೇಳಿದ್ದು ಅಂಕಿ, ಕಥೆ ಅಲ್ಲ," ಎಂದಳು ಮಿಸೆಸ್ ಕ್ರಾಫ್ಟ್ಸ್.

"ನಿಲ್ಲದೇ ಇದ್ದೋನಿಗೆ ನಿಂತಾಗಿನ ಅಂಕಿ ಎಲ್ಲಿಂದ ತರ್ಲಿ?"

"ಇಸ್ಮೇಲಿ, ನಿನ್ನ ಇಂಗ್ಲಿಷ್ ನಂಗೆ ಅರ್ಥ ಆಗ್ತಿಲ್ಲ. ಸುಮ್ನೆ ಬರಿ."

"ಅರ್ಥ ಆಗಿದೆ ಮೇಡಂ. ಬರೆಯಲ್ಲ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಹಾಳೆಯನ್ನು ಹಿಂದಕ್ಕೆ ತಳ್ಳಿದಳು. ಯಾರೂ ಪಿಜ್ಜಾ ಮುಟ್ಟಲಿಲ್ಲ.

"ಅವನು ನಿಲ್ತಾನೆ," ಮಿಸೆಸ್ ಕ್ರಾಫ್ಟ್ಸ್ ಎದ್ದಳು. "ನೀವು ಸೋಮಾರಿಗಳು, ಎಬ್ಬಿಸಲ್ಲ, ಅಷ್ಟೇ. ನಡಿ, ತೋರಿಸ್ತೀನಿ. ಯಂತ್ರ ತಗೊಂಡು ಬಾ."

"ಬೇಡ ಮೇಡಂ. ಬೀಳ್ತಾನೆ."

"ಬೀಳ್ತಾನೋ ನಿಲ್ತಾನೋ ನಾನು ಹೇಳ್ತೀನಿ. ನಿಮ್ಮೂರಲ್ಲಿ ರೋಗಿಗಳನ್ನ ಮಲಗಿಸಿಯೇ ಸಾಯಿಸ್ತೀರೇನೋ. ಇಲ್ಲಿ ಹಾಗಲ್ಲ."

ಇಸ್ಮೇಲಿ ರಕ್ತದೊತ್ತಡದ ಯಂತ್ರ ಎತ್ತಿಕೊಂಡಳು. ತಾನು ಹೋಗದಿದ್ದರೆ ಆ ಹೆಂಗಸು ಒಬ್ಬಳೇ ಎಳೆದು ನಿಲ್ಲಿಸುತ್ತಾಳೆ. ಅದಕ್ಕೇ ಹಿಂದೆ ಹೋದಳು. ನಡೆಯುತ್ತಲೇ ಸೊಂಟದ ಪಟ್ಟಿ ತೆಗೆದುಕೊಂಡಳು. ರೋಗಿಯ ನಡುವಿಗೆ ಕಟ್ಟಿ ಹಿಡಿಯುವ ಅಗಲವಾದ ಪಟ್ಟಿ.

ಮಲಗಿದಾಗ ಯಂತ್ರ ನೂರಿಪ್ಪತ್ತು, ಎಪ್ಪತ್ತೆರಡು ತೋರಿಸಿತು. "ನೋಡು," ಎಂದಳು ಮಿಸೆಸ್ ಕ್ರಾಫ್ಟ್ಸ್. ಟೆಬೆಟ್ಸ್‌ನ ಕಾಲುಗಳನ್ನು ಹಾಸಿಗೆಯಿಂದ ಇಳಿಸಿದರು. ಅವು ಎರಡು ಕೋಲುಗಳಂತೆ ಮಡಿಸದೆ ಇಳಿದವು. ಇಸ್ಮೇಲಿ ಅವನ ನಡುವಿಗೆ ಪಟ್ಟಿ ಬಿಗಿದು, ಎರಡು ಕಂಕುಳಿಗೂ ಕೈ ಕೊಟ್ಟು, ತನ್ನ ಮೊಣಕಾಲುಗಳಿಂದ ಅವನ ಮೊಣಕಾಲುಗಳನ್ನು ಒತ್ತಿ ಹಿಡಿದಳು. ಅವಳ ಸೊಂಟದ ಹಳೆಯ ನೋವು ಚುಳ್ ಎಂದಿತು. ಎಪ್ಪತ್ತು ಕಿಲೋ ಭಾರ. ಅಷ್ಟೂ ಅವಳ ಮೇಲೆ. ಮಿಸೆಸ್ ಕ್ರಾಫ್ಟ್ಸ್ ಅವನ ತೋಳಿಗೆ ಯಂತ್ರದ ಪಟ್ಟಿ ಸುತ್ತಿ ಗುಂಡಿ ಒತ್ತಿದಳು.

"ನಿಂತ ನೋಡು. ನಿಂತನೋ ಇಲ್ವೋ?"

"ಅವನು ನಿಂತಿಲ್ಲ. ನಾನು ನಿಂತಿದೀನಿ."

ಯಂತ್ರ ಗುರ್ ಎನ್ನುತ್ತಿತ್ತು. ಟೆಬೆಟ್ಸ್ ಮುಖ ಮೇಣದ ಬಣ್ಣಕ್ಕೆ ತಿರುಗಿತು. ಹಣೆಯಲ್ಲಿ ಬೆವರು ಒಡೆಯಿತು. ಕಣ್ಣು ಮೇಲೆ ಹೋಯಿತು. ಬಾಗಿಲಲ್ಲಿ ಡೀರ್‌ಡ್ರಿ ಬಂದು ನಿಂತಿದ್ದಳು. ಯಂತ್ರ ಕೂಗಿತು. ಎಪ್ಪತ್ತನಾಲ್ಕು, ನಲವತ್ತು. ಮೂವರೂ ನೋಡಿದರು.

ಅಷ್ಟರಲ್ಲಿ ಮುದುಕ ಜೋತುಬಿದ್ದ. ಇಸ್ಮೇಲಿ ಅವನನ್ನು ಬಿಡಲಿಲ್ಲ. ಬೆನ್ನು ಗೋಡೆಗೆ ಕೊಟ್ಟು ಜಾರುತ್ತಾ ಅವನ ಜೊತೆಗೇ ನೆಲಕ್ಕೆ ಕೂತಳು. ಅವನ ತಲೆ ಅವಳ ಎದೆಯ ಮೇಲಿತ್ತು. ಕಾಲು ಎತ್ತಿ ಹಿಡಿಯಿರಿ ಎಂದು ಕಿರುಚಿದಳು. ಡೀರ್‌ಡ್ರಿ ಓಡಿಬಂದು ಹಿಡಿದಳು. ಅರ್ಧ ನಿಮಿಷಕ್ಕೆ ಅವನ ರೆಪ್ಪೆ ಅಲುಗಿತು. ತುಟಿ ಅಲುಗಿತು. ಇಸ್ಮೇಲಿ ಕಿವಿಯಿಟ್ಟಳು.

"ಬಿದ್ನಾ?"

ಹದಿನಾರು ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು.

"ಇಲ್ಲ ಮಿಸ್ಟರ್ ಟೆಬೆಟ್ಸ್. ನನ್ನ ಮೇಲೇ ಇದೀರಿ. ಬಿದ್ದಿಲ್ಲ."

"ಡಾಕ್ಟರಿಗೆ ಫೋನ್ ಮಾಡ್ತೀನಿ," ಎಂದಳು ಡೀರ್‌ಡ್ರಿ.

"ಆಮೇಲೆ ಮಾಡಿದ್ರೂ ಆಗುತ್ತೆ. ಯಂತ್ರ ಕೆಟ್ಟಿರಬೇಕು," ಎಂದಳು ಮಿಸೆಸ್ ಕ್ರಾಫ್ಟ್ಸ್.

"ಯಂತ್ರ ಕೆಟ್ಟಿಲ್ಲ," ಎಂದು ನೆಲದಿಂದಲೇ ಹೇಳಿದಳು ಇಸ್ಮೇಲಿ. "ಆ ಶಾಂತಿ ಮಾತ್ರೆ ನಿಲ್ಲಿಸಿ. ಇವತ್ತೇ ನಿಲ್ಲಿಸಿ."

ಡೀರ್‌ಡ್ರಿ ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿದಳು. ಆಮೇಲೆ ತನ್ನ ಬೂಟು ನೋಡಿದಳು. ಫೋನಿಗೆ ಹೋಗಲಿಲ್ಲ.

ಟೆಬೆಟ್ಸ್‌ನನ್ನು ಮೂವರು ಸೇರಿ ಹಾಸಿಗೆಗೆ ಎತ್ತಿದರು. ಇಸ್ಮೇಲಿ ಅವನ ಒದ್ದೆ ಚಡ್ಡಿ ಬದಲಿಸಿ, ಕಾಲ ಕೆಳಗೆ ಎರಡು ದಿಂಬಿಟ್ಟು, ಮಗ್ಗುಲಿಗೆ ತಿರುಗಿಸಿ ಹೊರಬರಲು ಹತ್ತು ನಿಮಿಷವಾಯಿತು. ಸಿಬ್ಬಂದಿ ಕೋಣೆಯಲ್ಲಿ ಮಿಸೆಸ್ ಕ್ರಾಫ್ಟ್ಸ್ ಬರೆಯುತ್ತಿದ್ದಳು. ಮೂವತ್ತನಾಲ್ಕನೇ ಕೋಣೆಯ ಹಾಳೆ ತುಂಬಿತ್ತು. ನಿಂತಾಗ ನೂರಿಪ್ಪತ್ತೆರಡು. ನಿಂತಾಗ ನೂರಿಪ್ಪತ್ನಾಲ್ಕು. ನಿಂತಾಗ ನೂರಿಪ್ಪತ್ತೊಂದು. ನವೆಂಬರ್ ಮೂವತ್ತು, ನಿಂತಾಗ ನೂರಾ ಹದಿನೆಂಟು. ಪ್ರತಿ ಮನೆಯ ಮೂಲೆಯಲ್ಲೂ ಎರಡಕ್ಷರ: ಐ. ಟಿ. ಇಸ್ಮೇಲಿ ತೆಲ್ಯುಸ್ಮಾ. ಮಿಸೆಸ್ ಕ್ರಾಫ್ಟ್ಸ್‌ಳ ದುಂಡನೆಯ ನೀಲಿ ಅಕ್ಷರದಲ್ಲಿ.

"ಅದು ನನ್ನ ಹೆಸರು," ಎಂದಳು ಇಸ್ಮೇಲಿ.

"ನಿನ್ನ ಪಾಳಿ, ನಿನ್ನ ಹೆಸರು." ಆಕೆ ತಲೆ ಎತ್ತಲಿಲ್ಲ. ಕೈಯಲ್ಲಿದ್ದುದು ಈಗ ಇನ್ನೊಂದು ಹಾಳೆ. "ಇದು ಘಟನೆಯ ವರದಿ. ಸಹಾಯಕಿ ಅಪ್ಪಣೆ ಇಲ್ಲದೆ ರೋಗಿಯನ್ನ ಎಬ್ಬಿಸಿದ್ರಿಂದ ರೋಗಿಗೆ ತಲೆಸುತ್ತು ಬಂತು. ನಾಳೆ ಒಂಬತ್ತಕ್ಕೆ ಆಫೀಸಿಗೆ ಬಾ. ಪೇಚಾಡ್ಬೇಡ, ಮೊದಲ ತಪ್ಪು, ಎಚ್ಚರಿಕೆ ಕೊಟ್ಟು ಬಿಡ್ತಾರೆ. ಒಂದು ಸಹಿ ಹಾಕಿದ್ರೆ ಮುಗೀತು."

ಇಸ್ಮೇಲಿ ನಿಂತೇ ಇದ್ದಳು. ಅವಳ ಅಂಗಿಯ ಎದೆಯ ಮೇಲೆ ಟೆಬೆಟ್ಸ್‌ನ ಜೊಲ್ಲು ಇನ್ನೂ ಒದ್ದೆಯಾಗಿತ್ತು. ಬೈಯಬೇಕೆಂದು ಬಾಯಿಗೆ ಬಂತು. ತನ್ನ ಭಾಷೆಯಲ್ಲಿ ಬಂತು. ನುಂಗಿದಳು. ಗೂಟದಿಂದ ಊಟದ ಚೀಲ ತೆಗೆದುಕೊಂಡು ಹೊರಟಳು.

ಹೊದಿಕೆಗಳನ್ನು ಇಡುವ ಕೋಣೆಯೊಳಗೆ ಹೋಗಿ ಬಾಗಿಲೆಳೆದುಕೊಂಡಳು. ಮಡಿಸಿಟ್ಟ ಹಾಸುಗಳ ಮೇಲೆ ಕೂತು ಲಕೋಟೆ ಹರಿದು ಕಾಗದ ತೆಗೆದಳು. ಹಳೆಯ ಎರಡು ಪುಟಗಳನ್ನು ಓದಿದಳು. ಅಲ್ಲಿ 'ಇಲ್ಲಿ ಕೆಲವರು' ಎಂದಿತ್ತು. 'ಹೀಗೆ ಕೇಳಿಬಂದಿದೆ' ಎಂದಿತ್ತು. ಒಂಬತ್ತು ತಿಂಗಳ ಹಿಂದಿನ ಹೆದರಿಕೆ ಅಷ್ಟೂ ಅಲ್ಲಿತ್ತು. ಮೂರನೆಯ ಹಾಳೆ ತೊಡೆಯ ಮೇಲಿಟ್ಟು ಬರೆದಳು. ನಿಧಾನವಾಗಿ ಬರೆಯುವ ಕೈ ಅದು. ಇಂದು ಓಡಿತು.

"ಲಾರಿಂಡಾ ಫೋಂಟೆಸ್ ಅವರ ಜನವರಿ ಹಾಳೆಯ ಸೊನ್ನೆಗಳು ನನ್ನವು. ನಾನೇ ಬರೆದೆ. ಅವು ಸುಳ್ಳು. ಅವರ ಕಣ್ಣು ಅದುರುತ್ತಿತ್ತು, ನಾನು ನೋಡಿದ್ದೆ. ಮೂವತ್ತನಾಲ್ಕನೇ ಕೋಣೆಯ ನವೆಂಬರ್ ಹಾಳೆಯ ಅಂಕಿಗಳು ನನ್ನವಲ್ಲ. ನನ್ನ ಹೆಸರು ಹಾಕಿದ್ದಾರೆ. ಇಂದು ಹನ್ನೆರಡೂ ಕಾಲಿಗೆ ನಿಂತಾಗ ಎಪ್ಪತ್ತನಾಲ್ಕು, ನಲವತ್ತು. ಯಂತ್ರದ ನೆನಪಿನಲ್ಲಿ ಇದೆ, ತೆಗೆದು ನೋಡಿ. ನಿಲ್ಲಿಸಿದ್ದು ನಾನು, ನಿಲ್ಲಿಸಲು ಹೇಳಿದ್ದು ಮಿಸೆಸ್ ಕ್ರಾಫ್ಟ್ಸ್. ಬೇಗ ಬನ್ನಿ. ಆತ ಇನ್ನೂ ಬದುಕಿದ್ದಾನೆ."

ಕೆಳಗೆ ಹೆಸರು ಬರೆದಳು. ಪೂರ್ತಿ ಹೆಸರು. ಮಹಡಿ, ಪಾಳಿ, ಮನೆಯ ವಿಳಾಸ, ಫೋನು.

ಬಾಗಿಲು ತೆರೆಯಿತು. ಗೆರ್ದಾ. ಕಾಗದ ನೋಡಿದಳು. ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ನನ್ನ ಹೆಸರಿದೆಯಾ ಅದ್ರಲ್ಲಿ?"

"ಇಲ್ಲ."

"ಬರೀಬೇಡ ಅಕ್ಕಾ. ಮೂರು ಮಕ್ಕಳು ನಂಗೆ. ಮುದುಕನ ಹಾಳೆ ಮೇಲಿನ ಸೊನ್ನೆ ಬರೆದಿದ್ದು ನಾನೇ. ನೀನು ಬರೋದಕ್ಕೆ ಮುಂಚೆ." ಅವಳು ಬೆರಳನ್ನು ಅಂಗಿಗೆ ಒರೆಸಿಕೊಂಡಳು. "ಪಿಜ್ಜಾ ತಿಂತಾ ಬರೆದೆ."

"ನಾನೂ ತಿಂದೋಳೇ. ಜನವರಿಲಿ."

"ನಿನ್ನನ್ನ ತೆಗೆದುಹಾಕ್ತಾರೆ ಕಣೇ. ಹುಚ್ಚಿ."

"ಗೊತ್ತು."

"ಗೊತ್ತಂತೆ! ಬಾಡಿಗೆ ಯಾರು ಕಟ್ತಾರೆ, ನಿನ್ನ ಮುದುಕನಾ? ತೊಗಲು ಕೊಯ್ದು ಕೊಡ್ತಾನಾ?"

ಇಸ್ಮೇಲಿಗೆ ನಗು ಬಂತು. ಗೆರ್ದಾಗೂ ಬಂತು. ನಕ್ಕದ್ದಕ್ಕೆ ಗೆರ್ದಾಗೆ ಸಿಟ್ಟೂ ಬಂತು. ಕಣ್ಣು ಒರೆಸಿಕೊಂಡು, ಜೇಬಿನಿಂದ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯ ಸುರುಳಿ ತೆಗೆದು ಅವಳ ತೊಡೆಗೆ ಎಸೆದಳು.

"ಲಕೋಟೆಗೆ ಹಚ್ಚು. ಹರಿದುಹೋಗಿದೆ. ನಿನ್ನ ಕರೆಗಂಟೆಗಳ್ನ ಹದಿನೈದು ನಿಮಿಷ ನಾನು ನೋಡ್ಕೋತೀನಿ. ಅದಕ್ಕಿಂತ ಹೆಚ್ಚಾದ್ರೆ ನಿನ್ನ ಒಂಬತ್ತನೇ ಕೋಣೆ ಅಜ್ಜಿನ ಕಮೋಡ್ ಮೇಲೇ ಬಿಟ್ಬಿಡ್ತೀನಿ."

ಇಸ್ಮೇಲಿ ಹಿಂಬಾಗಿಲ ಮೆಟ್ಟಿಲಿಳಿದಳು. ಕೋಟು ಹಾಕಿಕೊಳ್ಳಲಿಲ್ಲ. ಗಾಳಿ ಒದ್ದೆ ಅಂಗಿಗೆ ಹೊಡೆದು ಎದೆ ಮರಗಟ್ಟಿತು. ಕಾರುಗಳ ನಡುವೆ ಸಾಗಿ, ಬೇಲಿಯ ಸಂದಿನಲ್ಲಿ ನುಸುಳಿ, ರಸ್ತೆ ದಾಟಿ ಔಷಧದಂಗಡಿಯ ಮೂಲೆಗೆ ಬಂದಳು. ದಿನಾ ಬಸ್ಸು ಕಾಯುವ ಜಾಗ. ಅಂಚೆಪೆಟ್ಟಿಗೆ ಅಲ್ಲೇ ಇತ್ತು. ಒಂಬತ್ತು ತಿಂಗಳು ಅದರ ಪಕ್ಕದಲ್ಲೇ ನಿಂತು ಬಸ್ಸು ಹತ್ತಿದ್ದಳು.

ಪೆಟ್ಟಿಗೆಯ ಬಾಯಿಯ ಮುಚ್ಚಳ ಎಳೆದಳು. ಕಾಗದ ಹಾಕಿದಳು. ಬಿಟ್ಟಳು. ಕಬ್ಬಿಣದ ಮುಚ್ಚಳ ಢಣ್ ಎಂದಿತು.

ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ಮತ್ತೆ ಬಾಯಿ ಎಳೆದು, ಬಗ್ಗಿ ಒಳಗೆ ನೋಡಿದಳು. ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ಕಾಗದ ಕೆಳಗೆ ಹೋಗಿತ್ತು.